ಬಸಮ್ಮನಿಗೆ ಬಡಿಸಿದ ದಿನ

ನಮ್ಮ ಪ್ರಸಾದ ನಿಲಯದ ಊಟದ ಹಾಲಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆದಿದೆ: ‘ದಿನವೂ ನಮಗೆ ಬಡಿಸುವವರಿಗೆ ವರ್ಷಕ್ಕೊಂದು ದಿನ ನಾವು ಬಡಿಸತಕ್ಕದ್ದು.’ ಅದು ಸಂಸ್ಥಾಪಕ ಶಿವಲಿಂಗಯ್ಯನವರು ಹಾಕಿಕೊಟ್ಟ ನಿಯಮ. ಅವರು ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದವರು. ಹಳ್ಳಿಗಳಿಂದ ಮೈಸೂರಿಗೆ ಓದಲು ಬರುವ ಬಡ ಹುಡುಗರು ಉಪವಾಸ ಬೀಳಬಾರದೆಂದು ನಿಲಯ ಕಟ್ಟಿಸಿದರು. ಸಂಸ್ಥಾಪನಾ ದಿನದ ಕೊನೆಯ ಪಂಕ್ತಿ ಅಡುಗೆಯವರದು. ಅವತ್ತು ಅವರು ಎಲೆಯ ಮುಂದೆ ಕೂರಬೇಕು, ಅಧ್ಯಕ್ಷರಿಂದ ಹಿಡಿದು ಎಲ್ಲರೂ ಸೌಟು ಹಿಡಿದು ಬಡಿಸಬೇಕು. ಈಗಿನ ಸಮಿತಿಯವರು ಆ ಅಕ್ಷರಗಳಿಗೆ ವರ್ಷವರ್ಷವೂ ಹೊಸ ಬಣ್ಣ ಹೊಡೆಸುತ್ತಾರೆ. ಅದೊಂದು ಮಾತ್ರ ತಪ್ಪದೆ ನಡೆಯುತ್ತದೆ.

ನಾನು ಬರೆಯಲು ಕೂತದ್ದು ಬಸಮ್ಮನ ವಿಷಯ. ಆದರೆ ಆ ಗೋಡೆ ನೆನಪಾದರೆ ಮೈಯೆಲ್ಲ ಉರಿಯುತ್ತದೆ, ಏನು ಮಾಡಲಿ.

ಗಂಡ ತೀರಿಕೊಂಡ ಮೇಲೆ ಇಲವಾಲದಿಂದ ಬಂದು ನಿಲಯದ ಒಲೆಯ ಮುಂದೆ ನಿಂತಾಗ ಬಸಮ್ಮನಿಗೆ ಮೂವತ್ತೆರಡು ವರ್ಷ. ಅಲ್ಲಿಂದ ಇಪ್ಪತ್ತೆಂಟು ವರ್ಷ ನೂರಿಪ್ಪತ್ತು ಹುಡುಗರಿಗೆ ಎರಡು ಹೊತ್ತು ಮುದ್ದೆ, ಉಪ್ಸಾರು, ಅನ್ನ. ಬೇಕಾ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಬಡವರ ಮಕ್ಕಳು ನಾಚಿಕೊಂಡು ಬೇಡ ಅಂದುಬಿಡುತ್ತಾರೆ, ಆದ್ದರಿಂದ ಮುಖ ನೋಡಿಯೇ ಹಾಕಬೇಕು ಎನ್ನುತ್ತಿದ್ದರು. ನನಗೂ ಐದು ವರ್ಷ ಹಾಗೆಯೇ ಹಾಕಿದರು. ಇವತ್ತು ನಾನು ಮಹದೇವಪ್ರಸಾದ್ ಮೇಷ್ಟ್ರು ಎನ್ನಿಸಿಕೊಂಡು ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರೆ, ಅದರಲ್ಲಿ ಅರ್ಧ ಪಾಲು ಆ ಮುದ್ದೆಯದು. ಅವರು ಮಾತ್ರ ಕೂತು ಉಂಡದ್ದನ್ನು ನಾನು ಕಂಡಿಲ್ಲ. ಎಲ್ಲರದೂ ಆದ ಮೇಲೆ ತಟ್ಟೆ ಕೈಯಲ್ಲಿ ಹಿಡಿದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಉಣ್ಣುತ್ತಿದ್ದರು.

ಅಡುಗೆಯವರ ಪಂಕ್ತಿ ಬಸಮ್ಮ ಬರುವ ಮೊದಲೇ ನಿಂತುಹೋಗಿತ್ತು. ಒಂದು ವರ್ಷ ಆಗಿನ ಅಧ್ಯಕ್ಷರಿಗೆ ಮದುವೆಗೆ ಹೋಗುವುದಿತ್ತು, ಇನ್ನೊಂದು ವರ್ಷ ಭಾಷಣ ಮುಗಿದಾಗ ಸಂಜೆ ನಾಲ್ಕು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಈ ವರ್ಷ ನಿಲಯಕ್ಕೆ ಎಪ್ಪತ್ತೈದು. ಅಮೃತ ಮಹೋತ್ಸವ ಮುಗಿದ ಮಾರನೆಯ ದಿನದಿಂದ ಅಡುಗೆಮನೆ ಕೇಟರಿಂಗ್‌ನವರ ಕೈಗೆ, ಬಸಮ್ಮ ಮನೆಗೆ ಎಂದು ತೀರ್ಮಾನವಾಯಿತು. ಏನಾದರೂ ಬೇಕಾ ಅಮ್ಮ ಎಂದು ನಾನೇ ಹೋಗಿ ಕೇಳಿದೆ. ಹಾರ, ಶಾಲು ಏನೂ ಬೇಡ ಅಂದರು. ಆಮೇಲೆ, “ಒಂದ್ಸಲ ಆ ಪಂಕ್ತೀಲಿ ಕೂತ್ಕಂಡು ಉಣ್ಣಬೇಕು ಅಂತ ಆಸೆ ಕಣಪ್ಪ. ಯಾರಾದ್ರೂ ಬಡ್ಸಿದ್ದನ್ನ,” ಅಂದರು.

ನಾನು ಸಮಿತಿಯ ಸದಸ್ಯ. ಬಡಿಸುವ ಜವಾಬ್ದಾರಿ ನನ್ನದು ಎಂದು ಎದೆ ತಟ್ಟಿಕೊಂಡು ಹೇಳಿ ಬಂದೆ. ಕಾರ್ಯದರ್ಶಿ ಪ್ರಭುಸ್ವಾಮಿಯವರಂತೂ ಕುಣಿದಾಡಿಬಿಟ್ಟರು. ಬಹಳ ಒಳ್ಳೆಯ ಕಾರ್ಯಕ್ರಮ, ಪತ್ರಿಕೆಯವರನ್ನೂ ಕರೆಯೋಣ ಅಂದರು. ಅಲ್ಲಿಯೇ ನನಗೆ ಬುದ್ಧಿ ಬರಬೇಕಿತ್ತು.

ಆ ದಿನ ಬಸಮ್ಮ ಹಸಿರು ಸೀರೆ ಉಟ್ಟು, ಹಣೆತುಂಬ ವಿಭೂತಿ ಇಟ್ಟುಕೊಂಡು ಬಂದಿದ್ದರು. ಬೆಳಗಿನಿಂದ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಮಂಡಿನೋವು ಬೇರೆ, ಗೋಡೆ ಹಿಡಿದುಕೊಂಡು ಜಮಖಾನದ ಮೇಲೆ ಕೂತರು. ಪಕ್ಕದಲ್ಲಿ ಪಾತ್ರೆ ತೊಳೆಯುವ ದೇವಿರಮ್ಮ, ಇನ್ನೂ ಮೂವರು. ಅಧ್ಯಕ್ಷರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಎಲೆಯ ತುದಿಗೆ ಉಪ್ಪು, ಒಂದು ಚಮಚ ಪಾಯಸ, ಒಂದು ಹಿಡಿ ಪಲ್ಯ ಬಡಿಸಿದರು. ಒಬ್ಬಟ್ಟನ್ನು ಕ್ಯಾಮೆರಾದವನು ಸಾಕು ಎನ್ನುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಹಾಕಿದರು. ಚಪ್ಪಾಳೆಯೂ ಆಯಿತು. ಅನ್ನದ ಬಕೆಟ್ ಹಿಡಿದುಕೊಂಡು ನಾನು ಅವರ ಹಿಂದೆ ನಿಂತಿದ್ದೆ.

ಅಷ್ಟರಲ್ಲಿ ಗೇಟಿನ ಹತ್ತಿರ ಎರಡು ಕಾರು ಬಂದವು. ತಡವಾಗಿ ಬಂದ ದೊಡ್ಡ ಅತಿಥಿಗಳು, ಜೊತೆಗೆ ಇಪ್ಪತ್ತು ಜನ. ಪ್ರಭುಸ್ವಾಮಿಯವರು ಓಡಿಬಂದರು. “ಬಸಮ್ಮ, ಫೋಟೊ ಆಯ್ತಲ್ಲ, ಏಳಮ್ಮ. ಅವ್ರದ್ದು ಮುಗೀಲಿ, ಆಮೇಲೆ ಕೂತ್ಕೊಳ್ಳುವಿಯಂತೆ.”

ನಮ್ಮ ಕಡೆ ಆಗದವನನ್ನೂ ಎಲೆಯ ಮುಂದಿನಿಂದ ಎಬ್ಬಿಸುವುದಿಲ್ಲ. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಇದು ಪ್ರಭುಸ್ವಾಮಿಗೆ ಗೊತ್ತು, ಅಧ್ಯಕ್ಷರಿಗೆ ಗೊತ್ತು, ಹಾಲಿನಲ್ಲಿದ್ದ ಅಷ್ಟೂ ಜನರಿಗೆ ಗೊತ್ತು. ಬಸಮ್ಮ ಅವರಾರ ಮುಖವನ್ನೂ ನೋಡಲಿಲ್ಲ, ನನ್ನ ಮುಖ ನೋಡಿದರು. ಒಂದು ಸೌಟು ಅನ್ನ ಹಾಕಿದ್ದರೆ ಮುಗಿಯುತ್ತಿತ್ತು. ಉಣ್ಣುವವರನ್ನು ಎಬ್ಬಿಸುವ ಧೈರ್ಯ ಆಗ ಯಾರಿಗೂ ಬರುತ್ತಿರಲಿಲ್ಲ. ನಾನು ಪ್ರಭುಸ್ವಾಮಿಯವರ ಕಡೆ ನೋಡಿದೆ. ಅವರು ಕಣ್ಣಿನಲ್ಲೇ ಬೇಡ ಅಂದರು. ನಾನು ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡೆ.

ಬಸಮ್ಮ ಒಬ್ಬಟ್ಟಿನ ಸಮೇತ ಎಲೆ ಮಡಚಿದರು. ದೇವಿರಮ್ಮ ಕೈಕೊಟ್ಟು ಎಬ್ಬಿಸಿದರು. ಐದೂ ಜನ ಹಿಂಬಾಗಿಲಿನಿಂದ ಹೋದರು. ಅದೇ ಜಾಗದಲ್ಲಿ ಹೊಸ ಎಲೆ ಬಿದ್ದವು, ಅದೇ ಬಕೆಟ್ಟಿನ ಅನ್ನವನ್ನು ನಾನು ಅತಿಥಿಗಳಿಗೆ ಬಡಿಸಿದೆ. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೊ ಬಂತು. ಅಡುಗೆಯವರಿಗೆ ಬಡಿಸಿ ಮಾದರಿಯಾದ ಅಧ್ಯಕ್ಷರು ಎಂದು ಕೆಳಗೆ ಬರೆದಿತ್ತು. ಥೂ!

ನಾಲ್ಕು ದಿನ ಬಿಟ್ಟು ಬನ್ನಿಮಂಟಪದ ಹಿಂದಿನ ಬೀದಿಯಲ್ಲಿರುವ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಬಾಪ್ಪ ಅಂತ ಕರೆದು ಮಣೆ ಹಾಕಿದರು. ನಾನು ಒಂದೇ ಉಸಿರಿಗೆ ಶುರುಮಾಡಿದೆ. ಪ್ರಭುಸ್ವಾಮಿಗೆ ನಾಚಿಕೆ ಇಲ್ಲ ಅಂದೆ, ಅಧ್ಯಕ್ಷರಿಗೆ ಮಾನ ಇಲ್ಲ ಅಂದೆ, ಶಿವಲಿಂಗಯ್ಯನವರ ಹೆಸರಿಗೆ ಮಸಿ ಬಳಿದರು ಅಂದೆ, ಸಮಿತಿಗೆ ರಾಜೀನಾಮೆ ಬಿಸಾಕುತ್ತೇನೆ ಅಂದೆ. ಅವರು ಕಾಯಿ ಬಿಡಿಸುತ್ತಲೇ ಎಲ್ಲ ಕೇಳಿಸಿಕೊಂಡರು. ನನ್ನ ಮಾತು ಮುಗಿದ ಮೇಲೆ ತಲೆ ಎತ್ತಿದರು.

“ಅವತ್ತು ನೀನು ಉಂಡ್ಯೇನಪ್ಪ?”

“ಉಂಡೆ ಕಣಮ್ಮ,” ಅಂದೆ.