ಅಜ್ಜಿ ಒಪ್ಪದ ಅರ್ಥ

ಇವತ್ತು ಮುದ್ದೆ ಕಟ್ಟುತ್ತಿದ್ದಾಗ ಮಗಳು ಪುಸ್ತಕ ಹಿಡಿದು ಬಂದು, "ಅಮ್ಮ, ಅನ್‌ಎಕ್ಸ್‌ಪೆಕ್ಟೆಡ್ಲಿ ಅಂದ್ರೆ ಏನು?" ಅಂದಳು. ಬೆಂದ ರಾಗಿಯ ವಾಸನೆ ಹಬೆಯ ಜೊತೆ ಮುಖಕ್ಕೆ ಬಂತು. ಮನಸ್ಸಿನಲ್ಲಿ ನಾನು ಚಿಕ್ಕಂದಿನ ದೇವಲಾಪುರದ ಹೊಗೆ ಹಿಡಿದ ಅಡುಗೆಮನೆಯಲ್ಲಿದ್ದೆ.

ಅಲ್ಲಿ ಅಜ್ಜಿ ಅಂಗೈಗೆ ತಣ್ಣೀರು ಸವರಿಕೊಂಡು ಮುದ್ದೆ ಕಟ್ಟುತ್ತಿದ್ದಳು. ಮನೆಮಂದಿಗೆಲ್ಲ ಆದ ಮೇಲೂ ಇನ್ನೊಂದು ಕಟ್ಟಿ, ಮೇಲೆ ಬಟ್ಟಲು ಕವುಚಿ ಒಲೆಯ ಪಕ್ಕ ಇಡುತ್ತಿದ್ದಳು. ಯಾರಿಗೆ ಅಂದರೆ, "ಬರೋರ್ಗೆ" ಅಷ್ಟೇ. ಬೆಳಗ್ಗೆ ಅದು ಮಜ್ಜಿಗೆಯಲ್ಲಿ ಕಿವುಚಿಸಿಕೊಂಡು ನನ್ನ ಹೊಟ್ಟೆ ಸೇರುತ್ತಿತ್ತು.

ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟಿದ್ದ ಚಿಕ್ಕಪ್ಪ ಒಂದು ಸಂಜೆ ಕೆ.ಆರ್. ಪೇಟೆ ಬಸ್ಸಿಳಿದು ಬಂದು ಬಾಗಿಲಲ್ಲೇ ನಿಂತ. ಅಪ್ಪ ಮುಖ ತಿರುಗಿಸಿದ. ಅಜ್ಜಿ ಕೈ ತೊಳೆಯಲು ನೀರು ಕೊಟ್ಟು, ಬಟ್ಟಲು ಎತ್ತಿದಳು. ಮುದ್ದೆ ಇನ್ನೂ ಬೆಚ್ಚಗಿತ್ತು.

ಹೊಸದಾಗಿ ಕಲಿತ ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಚಿಕ್ಕಪ್ಪ ಅನ್‌ಎಕ್ಸ್‌ಪೆಕ್ಟೆಡ್ಲಿ ಬಂದ" ಅಂದೆ.

"ಅಂಗಂದ್ರೇನವ್ವ?" ಅಜ್ಜಿ ಕೇಳಿದಳು.

"ಬತ್ತಾನೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ ಅಂತ."

ಅಜ್ಜಿಗೆ ರೇಗಿತು. "ಯಾರೇ ಅಂದ್ಕೊಂಡಿರ್ಲಿಲ್ಲ? ಇಷ್ಟ್ ದಿನ ನಾನ್ ಯಾರ್ಗೆ ಮುದ್ದೆ ಮಡುಗ್ತಿದ್ದೆ ಮತ್ತೆ?"

ಚಿಕ್ಕಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಪ್ಪ ಮೆಲ್ಲಗೆ ಸಾರಿನ ಪಾತ್ರೆಯನ್ನು ಅವನತ್ತ ಸರಿಸಿದ.

ಮಗಳಿಗೆ ಪುಸ್ತಕದಲ್ಲಿರುವ ಅರ್ಥವನ್ನೇ ಹೇಳಿದೆ. ಅವಳು ಬರೆದುಕೊಂಡಳು. ಆಮೇಲೆ ಒಲೆಯ ಪಕ್ಕ ನಾನು ಕವುಚಿಟ್ಟಿದ್ದ ಬಟ್ಟಲನ್ನು ಎತ್ತಿ ನೋಡಿ, "ಇದು ಯಾರಿಗಮ್ಮ?" ಅಂದಳು.