ಇಲಿ ತಿಗಣೆ ಉಂಟು

ಜಿದ್ದಾ ಪಟ್ಟಣದ ಆ ಮ್ಯೂಸಿಯಮ್ಮಿಗೆ ನಾನು ಮನಸ್ಸಿದ್ದು ಹೋದವನಲ್ಲ. ಉಮ್ರಾ ಯಾತ್ರೆ ಮುಗಿಸಿ ಮಕ್ಕಾದಿಂದ ಬಂದಿದ್ದೆವು, ಜುಬೈಲಿನ ನಮ್ಮ ಮನೆಗೆ ಮರಳಲು ದಮ್ಮಾಮಿನ ವಿಮಾನ ಸಂಜೆಗಿತ್ತು. ಹೆಂಡತಿ ಕಾಲುನೋವೆಂದು ಹೋಟೆಲಿನಲ್ಲೇ ಉಳಿದಳು. ಆರನೇ ಕ್ಲಾಸಿನ ಮಗಳಿಗೆ ಶಾಲೆಯ ಪ್ರಾಜೆಕ್ಟಿನ ಚಿಂತೆ. ರಜೆಯಲ್ಲಿ ಒಂದು ಮ್ಯೂಸಿಯಂ ನೋಡಬೇಕು, ಮನೆಯ ಹಿರಿಯರೊಬ್ಬರ ಬಗ್ಗೆ ಬರೆಯಬೇಕು. ಹಿರಿಯರು ಜೊತೆಯಲ್ಲೇ ಇದ್ದರು, ವಿಸಿಟ್ ವೀಸಾದಲ್ಲಿ ಊರಿನಿಂದ ಬಂದ ನನ್ನ ತಂದೆ, ನಮ್ಮ ಮಾತಿನಲ್ಲಿ ಉಪ್ಪ. ತಲೆಬರಹವನ್ನೂ ಅವಳು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಳು: 'ನನ್ನ ಅಜ್ಜನ ವಿಲ್ಲಾ'.

ಈ ವಿಲ್ಲಾದ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಉಪ್ಪ ಜುಬೈಲಿನಲ್ಲಿ ಇಪ್ಪತ್ತೆರಡು ವರ್ಷ ಬಡಗಿ ಕೆಲಸ ಮಾಡಿದವರು. ನಮ್ಮ ಮನೆಮಾತು ಬ್ಯಾರಿ, ಆದರೆ ಕಾಗದ ಬರೆಯುವುದು ಕನ್ನಡದಲ್ಲಿ. ಉಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಒತ್ತಕ್ಷರದ ಪಾಠ ಆದ ದಿನ ಎಲ್ಲೋ ಮೀನು ಹಿಡಿಯಲು ಹೋಗಿರಬೇಕು. ಎಲ್ಲಿಯೂ ಒತ್ತು ಕೊಡುತ್ತಿರಲಿಲ್ಲ. 'ನಾನು ಇಲಿ ಸುಖವಾಗಿ ಇದೇನೆ. ಇಲಿ ದೊಡ ವಿಲಾ ಉಂಟು. ಇಲಿ ಏಸಿ ಉಂಟು.' ಇದು ಪ್ರತಿ ಕಾಗದದ ಮೊದಲ ಸಾಲು. ಉಮ್ಮನಿಗೆ ಓದಿ ಹೇಳುವ ಕೆಲಸ ನನ್ನದು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಉಪ್ಪನ ಇಲಿಗೆ ಏಸಿ ಉಂಟಂತೆ, ವಿಲ್ಲಾ ಉಂಟಂತೆ, ನಮಗೆ ಫ್ಯಾನೂ ಇಲ್ಲ ಎಂದು. ಉಮ್ಮ ತಲೆಗೊಂದು ಮೊಟಕುತ್ತಿದ್ದರು. ತೀರಿಕೊಳ್ಳುವ ತನಕವೂ ಉಮ್ಮ ಆ ವಿಲ್ಲಾವನ್ನು ನಂಬಿದ್ದರು.

ನಾನು ನಂಬಿರಲಿಲ್ಲ. ಹತ್ತು ವರ್ಷದಿಂದ ಜುಬೈಲಿನಲ್ಲೇ ಒಂದು ಆಫೀಸಿನಲ್ಲಿದ್ದೇನೆ. ಬಡಗಿಗೆ ಯಾವ ಕಂಪೆನಿ ವಿಲ್ಲಾ ಕೊಡುತ್ತದೆ? ಲೇಬರ್ ಕ್ಯಾಂಪುಗಳ ಮುಂದೆಯೇ ದಿನಾ ನನ್ನ ಕಾರು ಹೋಗುತ್ತದೆ, ಗಾಜು ಏರಿಸಿಕೊಂಡು. ಉಪ್ಪನನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಈ ಸಲ ಮಗಳು "ಅಜ್ಜನ ವಿಲ್ಲಾ ತೋರಿಸಿ" ಎಂದು ಹಟ ಹಿಡಿದಾಗ ಉಪ್ಪ, "ಅದನ್ನೆಲ್ಲ ಕೆಡವಿದ್ದಾರೆ ಮಗಾ" ಎಂದುಬಿಟ್ಟರು. ಅಂದು ಮ್ಯೂಸಿಯಮ್ಮಿಗೆ ಹೋಗುವ ಟ್ಯಾಕ್ಸಿಯಲ್ಲಿ ಅವಳು ಪುಸ್ತಕ ಬಿಚ್ಚಿ, ಕೋಣೆ ಎಷ್ಟಿತ್ತು ಎಂದು ಕೇಳಿದಳು.

"ತುಂಬ ಇತ್ತು ಮಗಾ. ಲೆಕ್ಕ ಇಲ್ಲ" ಎಂದರು ಉಪ್ಪ. ಆಮೇಲೆ ನನ್ನ ಕಡೆ ನೋಡಿದರು. ಬಾಯಿ ಬಿಡಬೇಡ ಎಂಬ ನೋಟ ಅದು. ನಾನು ಬಿಡಲಿಲ್ಲ.

ಮ್ಯೂಸಿಯಂ ಎಂದರೆ ಹಿಂದೆ ಫ್ರೆಂಚ್ ವ್ಯಾಪಾರಿಯೊಬ್ಬ ಕಟ್ಟಿಸಿಕೊಂಡಿದ್ದ ಮಹಲು. ಹೊರಗೆ ಇಲ್ಲಿಯದೇ ಹವಳದ ಕಲ್ಲು, ಮರದ ಜಾಲರಿ ಕಿಟಕಿ. ಒಳಗೆ ಹಡಗಿನಲ್ಲಿ ತರಿಸಿದ ಅಮೃತಶಿಲೆಯ ಮೆಟ್ಟಿಲು, ಆಳೆತ್ತರದ ಕನ್ನಡಿಗಳು, ಅವುಗಳ ಅಂಚಿಗೆಲ್ಲ ಚಿನ್ನದ ಬಣ್ಣ. ಬಾಗಿಲಲ್ಲೇ ಊದಿನ ಹೊಗೆ ಮೂಗಿಗೆ ಹೊಡೆಯಿತು. ಕೆಳಗಿನ ಊಟದ ಹಾಲ್‌ನಲ್ಲಿ ಗೋಡೆ ತುಂಬ ಬೇಟೆಯ ಚಿತ್ರಗಳು. ಕಾಲು ಕಟ್ಟಿ ತೂಗುಹಾಕಿದ ಮೊಲ, ಕತ್ತು ಮುರಿದ ಹಕ್ಕಿ, ಮೊಲದ ಮೂಗಿನ ಮೇಲೆ ಕೂತ ನೊಣವನ್ನೂ ಚಿತ್ರ ಬರೆದ ಮಹಾಶಯ ಬಿಟ್ಟಿರಲಿಲ್ಲ. ಅದರ ಮುಂದೆ ನಿಂತು ಜನ ಹಲ್ಲು ಕಿರಿದು ಸೆಲ್ಫಿ ತೆಗೆಯುತ್ತಿದ್ದರು.

"ಎಂತ ಮಾರಾಯ ಇದು, ಊಟದ ಮನೆಯಲ್ಲಿ ಸತ್ತದ್ದನ್ನು ತೂಗುಹಾಕಿದ್ದಾರೆ" ಎಂದರು ಉಪ್ಪ.

"ದೊಡ್ಡವರ ಮನೆ ಉಪ್ಪ. ಹಾಗೇ ಇರುವುದು."

ಕಪ್ಪು ಅಬಾಯಾ ತೊಟ್ಟ ಗೈಡ್ ಹುಡುಗಿಯೊಬ್ಬಳು ನಮ್ಮನ್ನು ಮೇಲಿನ ಮಾಳಿಗೆಗೆ ಕರೆದುಕೊಂಡು ಹೋದಳು. ಒಳ್ಳೆಯ ಹುಡುಗಿ, ನಯವಾದ ಮಾತು, ಶುದ್ಧ ಇಂಗ್ಲಿಷ್. ವ್ಯಾಪಾರಿಯ ಹೆಂಡತಿ ಮಲಗುತ್ತಿದ್ದ ಕೋಣೆಯಲ್ಲಿ ಹೊಸ ಕಲಾಕೃತಿ ಇದೆ, ವಿದೇಶದ ಕಲಾವಿದರೊಬ್ಬರು ಮಾಡಿದ್ದು, ಎಲ್ಲರೂ ಅದನ್ನು ನೋಡಲೆಂದೇ ಬರುತ್ತಾರೆ ಎಂದಳು.

ಬಾಗಿಲು ತೆರೆದ ಕೂಡಲೇ ಬೆವರಿನ ವಾಸನೆ. ಹಳೆಯ ಬೆವರು, ಒಣಗದ ಬನಿಯನ್, ಕಾಲುಚೀಲ. ಇಷ್ಟು ಚೊಕ್ಕಟ ಕೋಣೆಯಲ್ಲಿ ಇದೆಲ್ಲಿಂದ ಎಂದು ನಾನು ಸುತ್ತ ನೋಡಿದೆ.

"ಅದು ಕೂಡ ಕೃತಿಯ ಭಾಗ. ಕಲಾವಿದರು ಸುಗಂಧ ತಯಾರಿಸುವವರಿಗೆ ಹೇಳಿ ವಿಶೇಷವಾಗಿ ಮಾಡಿಸಿದ್ದು" ಎಂದಳು ಗೈಡ್.

ಥೂ. ಬೆವರನ್ನು ಶೀಶೆಯಲ್ಲಿ ತುಂಬಿಸಿ ಸಿಂಪಡಿಸುತ್ತಾರೆ ಎಂದರೆ ಇವರಿಗೆ ಏನು ಹೇಳುವುದು? ಕೋಣೆಯ ಒಂದು ಬದಿಗೆ ವ್ಯಾಪಾರಿಯ ಹೆಂಡತಿಯ ರೇಷ್ಮೆ ಪರದೆಯ ಮಂಚ. ಅದರ ಎದುರಿಗೆ, ದೀಪದ ಬೆಳಕಿನಲ್ಲಿ, ತುಕ್ಕು ಹಿಡಿದ ಕಬ್ಬಿಣದ ಎರಡು ಅಂತಸ್ತಿನ ಮಂಚ. ಕೆಡವಿದ ಲೇಬರ್ ಕ್ಯಾಂಪಿನಿಂದ ತಂದದ್ದಂತೆ. ಜುಬೈಲಿನದು. ನೋಡಲು ಬಂದ ಒಬ್ಬ ಹೆಂಗಸು ಕಣ್ಣು ಮುಚ್ಚಿ ಆ ವಾಸನೆಯನ್ನು ಒಳಗೆಳೆದುಕೊಳ್ಳುತ್ತಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಉಪ್ಪ ನೆಟ್ಟಗೆ ಆ ಮಂಚದ ಹತ್ತಿರ ಹೋದರು. ಸುತ್ತ ಕಟ್ಟಿದ್ದ ಹಗ್ಗದ ಮೇಲಿನಿಂದ ಕೈ ಚಾಚಿ, ಹಲಗೆಯೂ ಕಬ್ಬಿಣವೂ ಕೂಡುವ ಸಂದಿಗೆ ಹೆಬ್ಬೆರಳಿನ ಉಗುರು ಇಟ್ಟು ಮೇಲಿನಿಂದ ಕೆಳಗೆ ಸರ್ರನೆ ಎಳೆದರು. ಎಳೆದು ಉಗುರನ್ನು ನೋಡಿದರು. ಯೋಚಿಸಿ ಮಾಡಿದ್ದಲ್ಲ ಅದು. ಮೂಲೆಯಲ್ಲಿದ್ದ ಕಾವಲುಗಾರ "ಲಾ, ಲಾ" ಎಂದು ಅರಬ್ಬಿಯಲ್ಲಿ ಬೇಡವೆನ್ನುತ್ತಾ ಎದ್ದುಬಂದ. ಉಪ್ಪ ಕೈಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡರು.

ತಲೆಯ ಕಡೆಯ ಹಲಗೆಯಲ್ಲಿ ಬಡಗಿಯ ದಪ್ಪ ಪೆನ್ಸಿಲಿನ ಬರಹವಿತ್ತು. ಪಕ್ಕದಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಫಲಕ. ಮಗಳು ಅದನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಾ ಗಟ್ಟಿಯಾಗಿ ಓದಿದಳು: 'ಮನೆಯನ್ನು ನೆನೆದು ಕಾರ್ಮಿಕನೊಬ್ಬ ಬರೆದ ಪ್ರಾರ್ಥನೆ. ದಕ್ಷಿಣ ಭಾರತದ ಲಿಪಿ. ಬರೆದವರು ತಿಳಿದಿಲ್ಲ.'

ನಾನು ಬಗ್ಗಿ ನೋಡಿದೆ. ಕನ್ನಡ.

'ಇಲಿ ತಿಗಣೆ ಉಂಟು. ಹೊಸಬರು ಮಲಗ ಬೇಡಿ.'

ನನಗೆ ಓದಿದ ತಕ್ಷಣ ನಗು ಬಂತು. ಬಾಯಿಯಿಂದ ಹೊರಗೆ ಬರುವ ಮೊದಲೇ ಅದು ಸತ್ತಿತು. ಆ ಇಲಿಯನ್ನು ನಾನು ಬಲ್ಲೆ. ಎಷ್ಟು ಕಾಗದಗಳಲ್ಲಿ ಓದಿ ನಕ್ಕಿದ್ದೇನೆ. 'ಟು'ವಿನ ಕೊಂಬು, ಕಾಗದವಾದರೆ ತೂತಾಗುವಷ್ಟು ಒತ್ತಿದ ಕೊನೆಯ ಚುಕ್ಕಿ, ಎಲ್ಲ ಅದೇ. ಉಪ್ಪ ಕಿಟಕಿಯ ಜಾಲರಿ ನೋಡುತ್ತಾ ನಿಂತಿದ್ದರು. ಬಡಗಿಗೆ ಜಾಲರಿ ನೋಡುವ ನೆಪ ಇದ್ದೇ ಇರುತ್ತದೆ.

"ಅಜ್ಜಾ, ಇದು ಕನ್ನಡವಾ? ಓದಿ ಹೇಳಿ" ಎಂದಳು ಮಗಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನೇ ಕಲಿಸಲಿಲ್ಲ.

"ಅಲ್ಲೇ ಬರೆದಿದ್ದಾರಲ್ಲ ಮಗಾ. ಪ್ರಾರ್ಥನೆ" ಎಂದರು ಉಪ್ಪ.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಮುದುಕರ ಮಾನ ಉಳಿಯುತ್ತಿತ್ತು. ಆದರೆ ಆ ವಾಸನೆ, ಕಣ್ಣು ಮುಚ್ಚಿ ನಿಂತ ಆ ಹೆಂಗಸು, ಆ ಸುಳ್ಳು ಫಲಕ, ಎಲ್ಲ ಸೇರಿ ನನಗೆ ಮೈ ಉರಿಯಿತು. ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ. ಇದು ಪ್ರಾರ್ಥನೆ ಅಲ್ಲ ತಾಯಿ, ಇಲ್ಲಿ ತಿಗಣೆ ಇದೆ, ಹೊಸಬರು ಮಲಗಬೇಡಿ ಎಂದು ಬರೆದಿದೆ. ಬರೆದವರು ಯಾರೆಂದು ತಿಳಿಯದೆ ಏನು, ಅಲ್ಲಿ ನಿಂತಿದ್ದಾರೆ, ನನ್ನ ತಂದೆ.

ಅವಳಿಗೆ ನಾಚಿಕೆಯಾಗಬಹುದು ಎಂದುಕೊಂಡಿದ್ದೆ. ಅವಳ ಮುಖ ಅರಳಿತು.

"ಇದು ಪ್ರಾರ್ಥನೆಗಿಂತಲೂ ಸುಂದರವಾಗಿದೆ" ಎಂದಳು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಫೋನು ಹೊರಗೆ ತೆಗೆದಳು, ಕಾವಲುಗಾರನಿಗೆ ಏನೋ ಹೇಳಿದಳು, ಅವನು ಹಗ್ಗ ಬಿಚ್ಚಿದ. ಆಮೇಲೆ ಕೈ ಎದೆಯ ಮೇಲಿಟ್ಟು ಉಪ್ಪನ ಹತ್ತಿರ ಹೋಗಿ, ಒಂದೇ ಒಂದು ಫೋಟೋ, ನಿಮ್ಮ ಮಂಚದಲ್ಲಿ ಒಮ್ಮೆ ಮಲಗುತ್ತೀರಾ ಎಂದು ಕೇಳಿದಳು. ನಾನು ಅದನ್ನು ಅನುವಾದ ಮಾಡಬೇಕೆಂದು ನನ್ನ ಮುಖ ನೋಡಿದಳು. ಅವಳ ಮೇಲೆ ಹೇಸಿಗೆಯಾಯಿತು, ಅವಳ ಕೈಗೆ ಉಪ್ಪನನ್ನು ಕೊಟ್ಟ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಉಪ್ಪನಿಗೆ ಅನುವಾದ ಬೇಕಾಗಲಿಲ್ಲ. ಅವಳು ಕೈ ತೋರಿಸಿದ ರೀತಿಯಲ್ಲೇ ತಿಳಿಯಿತು. ಇಪ್ಪತ್ತೆರಡು ವರ್ಷ ಯಾರು ಏನು ಹೇಳಿದರೂ ಆಗಲಿ ಎಂದೇ ಬದುಕಿದವರು. ಗೋಡೆ ಹಿಡಿದುಕೊಂಡು ಚಪ್ಪಲಿ ಬಿಚ್ಚಲು ತೊಡಗಿದರು.

"ಉಪ್ಪ, ಬೇಡ" ಎಂದೆ.

"ಒಂದು ಫೋಟೋ ಅಲ್ಲವಾ. ಪಾಪ, ಹುಡುಗಿ ಕೇಳುತ್ತಾಳೆ."

"ಇಷ್ಟು ಬರೆದಿದ್ದೀರಲ್ಲ, ಆ ಕಾಲಕ್ಕೆ ಯಾರಾದರೂ ಕೇಳಿದರಾ?" ನನ್ನ ಸ್ವರ ಏರಿತ್ತು.

"ಎಲ್ಲಿ ಕೇಳುವುದು? ಬರುವವರೆಲ್ಲ ಓದುತ್ತಿದ್ದರು. ಓದಿ ಅದರಲ್ಲೇ ಮಲಗುತ್ತಿದ್ದರು. ಬೇರೆ ಮಂಚ ಬೇಕಲ್ಲ."

ಒಂದು ಕಾಲಿನ ಚಪ್ಪಲಿ ಬಿಚ್ಚಿಯಾಗಿತ್ತು. ಮಗಳು ಅಷ್ಟು ಹೊತ್ತು ನಮ್ಮಿಬ್ಬರ ಮುಖವನ್ನೂ ಆ ಹಲಗೆಯನ್ನೂ ನೋಡುತ್ತಾ ನಿಂತವಳು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಅಜ್ಜನ ಕೈ ಹಿಡಿದಳು. ವಿಲ್ಲಾದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಬೇಡ ಅಜ್ಜ" ಎಂದಳು. "ಅಲ್ಲಿ ತಿಗಣೆ ಉಂಟು."

ಉಪ್ಪ ಅವಳನ್ನೇ ನೋಡಿದರು. ಆಮೇಲೆ ಬಿಚ್ಚಿದ ಚಪ್ಪಲಿಯನ್ನು ಕಾಲಿನಲ್ಲಿ ತಡಕಿ ಮತ್ತೆ ಹಾಕಿಕೊಂಡರು.