ಹಳೇ ಲೈನಿನ ಮೇಲಿನ ಚುಕ್ಕಿ

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಗಂಗಾಮಣಿ ಫೋನ್ ಕೈಗೆತ್ತಿಕೊಂಡರೆ ಹತ್ತೊಂಬತ್ತು ಹೆಂಗಸರ ಮಾತು ನಿಲ್ಲುತ್ತಿತ್ತು. ಎಸ್ಟೇಟಿನ ಸ್ಟೋರ್ ಮುಂದೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತ ಅವರಲ್ಲಿ ಒಬ್ಬರೂ, ಅವಳು ಮೆಸೇಜನ್ನು ಗಟ್ಟಿಯಾಗಿ ಓದುವವರೆಗೆ ಕಾಫಿ ಸಾಲಿಗೆ ಕಾಲಿಡುತ್ತಿರಲಿಲ್ಲ. ಯಾರೂ ಮಾಡಿದ ನಿಯಮವಲ್ಲ ಅದು. ನಾಲ್ಕು ವರ್ಷದ ಹಿಂದೆ ಪಕ್ಕದ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಒಬ್ಬಳನ್ನು ಆನೆ ತುಳಿದ ಮೇಲೆ ತಾನಾಗಿ ಬಂದ ರೂಢಿ.

"ಹಿಂಡು ಕುಂದೂರು ಕಡೆ, ಹದಿನಾಲ್ಕು ಆನೆ. ಒಂಟಿ ಸಲಗ ಹೊಳೆ ಆಚೆ. ಇವತ್ತು ಕೆಲಸ ಮಾಡಬಹುದು."

"ಓದಾಯ್ತಾ? ಇನ್ನೇನು, ನಡೀರಿ. ಗಂಗಮ್ಮನ ಗಂಡ ಹೇಳಿದ್ ಮೇಲೆ ಆಯ್ತು," ಎನ್ನುತ್ತಿದ್ದಳು ಎಲ್ಲರಿಗಿಂತ ಹಿರಿಯಳಾದ ಬಸಮ್ಮ. ಆಮೇಲೆ ಎಲ್ಲರೂ ಹೊರಡುತ್ತಿದ್ದರು.

ಮೆಸೇಜು ಕಳಿಸುತ್ತಿದ್ದವನು ಗಂಗಾಮಣಿಯ ಗಂಡ ಮೃತ್ಯುಂಜಯನೇ. ಬಾಳ್ಳುಪೇಟೆಯಿಂದ ಒಳಕ್ಕೆ ಆರು ಕಿಲೋಮೀಟರ್ ದೂರದ ಈ ಗುಡ್ಡಗಳಲ್ಲಿ ಆರು ತೋಟದವರು ಸೇರಿ ಅವನನ್ನು ಆನೆ ಕಾವಲಿಗೆ ನೇಮಿಸಿಕೊಂಡಿದ್ದರು. ಹಿಂಡಿನ ಹಿರಿಯ ಹೆಣ್ಣಾನೆಯ ಕೊರಳಲ್ಲಿ ರೇಡಿಯೋ ಕಾಲರ್ ಇತ್ತು. ಅದು ಉಪಗ್ರಹದ ಜೊತೆ ತಾನೇ ಮಾತಾಡಿ ಜಾಗ ತಿಳಿಸುತ್ತಿತ್ತು; ಆ ಜಾಗ ದಿನಕ್ಕೆ ಮೂರು ಸಲ ಮೃತ್ಯುಂಜಯನ ಫೋನಿಗೆ ಬರುತ್ತಿತ್ತು. ಒಂಟಿ ಸಲಗಕ್ಕೆ ಕಾಲರ್ ಇರಲಿಲ್ಲ. ಹೆಜ್ಜೆ, ಲದ್ದಿ, ಮುರಿದ ಕೊಂಬೆ ನೋಡುತ್ತ ಅದನ್ನು ನಡೆದೇ ಹುಡುಕಬೇಕು. ಕಾವಲುಗಾರ ಬೇಕಾಗಿದ್ದದ್ದು ಅದಕ್ಕೇ.

ಗಂಗಾಮಣಿ ಪಿಯುಸಿವರೆಗೆ ವಿಜ್ಞಾನ ಓದಿದವಳು. ಮದುವೆಯಾಗಿ ಬಂದವಳು ಮೊದಲು ಹಣ್ಣು ಕೊಯ್ದಳು, ಎಂಟು ವರ್ಷದಿಂದ ಗುಂಪಿನ ಮೇಸ್ತ್ರಿ. ಬೆಳಿಗ್ಗೆ ತಲೆ ಎಣಿಸುತ್ತಾಳೆ, ಟೀ ಹೊತ್ತಿಗೆ ಎಣಿಸುತ್ತಾಳೆ, ಸಂಜೆ ಸಾಲು ಬಿಡುವಾಗ ಇನ್ನೊಂದು ಸಲ. "ನಾವೇನು ಕೋಳಿಮರಿಗಳಾ?" ಎಂದು ಬಸಮ್ಮ ರೇಗಿಸಿದರೂ ಎಣಿಸುವುದನ್ನು ಬಿಟ್ಟವಳಲ್ಲ.

ಆ ಡಿಸೆಂಬರಿನಲ್ಲಿ ಅವಳ ತಲೆ ತಿನ್ನುತ್ತಿದ್ದದ್ದು ಮನೆಯ ಬೆಕ್ಕು. ಮೈಮೇಲೆ ಕಂದು ಗೆರೆಗಳಿದ್ದ ಅದರ ಹೆಸರು ಜೀರಿಗೆ. ಎರಡು ತಿಂಗಳಿಂದ ಅದು ಬೆಳಕು ಹರಿಯುವುದರೊಳಗೆ ಕಾಣೆಯಾಗಿ ಸಂಜೆ ಐದೂವರೆಗೆ ಬರುತ್ತಿತ್ತು. ಇಟ್ಟ ಹಾಲು ಮೂಸುತ್ತಿರಲಿಲ್ಲ, ರಾತ್ರಿಯ ಅನ್ನ ಮುಟ್ಟುತ್ತಿರಲಿಲ್ಲ, ಆದರೂ ಮೈ ತುಂಬಿಕೊಳ್ಳುತ್ತಿತ್ತು. ಹಿಂದಿನ ಬೆಕ್ಕನ್ನು ಚಿರತೆ ಒಯ್ದಿತ್ತು. ಗಂಗಾಮಣಿ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಅದು ಬಂದ ಹೊತ್ತು ಬರೆದಿಡತೊಡಗಿದಳು.

ಮಗಳು ವಾಣಿ ಬಾಳ್ಳುಪೇಟೆಯಲ್ಲಿ ಮೊಬೈಲ್ ಅಂಗಡಿಯ ಕೆಲಸದಲ್ಲಿದ್ದಳು. ತಾಯಿ ಬರೆದಿಟ್ಟದ್ದು ನೋಡಿ ನಕ್ಕು, ಮರುದಿನ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದೊಂದು ಬಿಲ್ಲೆ ತಂದಳು. ಬೀಗದ ಕೈ ಕಳೆದುಕೊಳ್ಳುವವರು ಕೊಳ್ಳುವಂಥದ್ದು. ಎಲ್ಲಿದೆಯೆಂದು ನಕ್ಷೆಯಲ್ಲಿ ಕಾಣುವಂತೆ ಅಮ್ಮನ ಫೋನಿಗೆ ಅದನ್ನು ಜೋಡಿಸಿದಳು. ಹಳೇ ವಾಚಿನ ಪಟ್ಟಿಗೆ ಹೊಲಿದು ಬೆಕ್ಕಿನ ಕೊರಳಿಗೆ ಕಟ್ಟಿದವನು ಮೃತ್ಯುಂಜಯ. ಜೀರಿಗೆ ಅವನ ತೊಡೆಯ ಮೇಲೆ ಅಲುಗದೆ ಕೂತಿತ್ತು.

"ನೋಡೇ, ನಮ್ಮನೇಲೂ ಒಂದು ಕಾಲರ್ ಆನೆ ಆಯ್ತು," ಎಂದ.

ಮೂರನೇ ದಿನ ಗಂಗಾಮಣಿಯ ಫೋನಿನ ನಕ್ಷೆಯಲ್ಲಿ ಹಸಿರು ಚುಕ್ಕಿ ಮೂಡಿತು. ಗುಡ್ಡದ ನೆತ್ತಿಯ ಹಳೇ ಲೈನ್. ಹಿಂದೆ ಕೂಲಿಯವರಿದ್ದ ಆ ಮನೆಗಳ ಸಾಲು ಹನ್ನೆರಡು ವರ್ಷದಿಂದ ಖಾಲಿ. ಕೆಳಗೆ ಹೊಸ ಲೈನ್ ಕಟ್ಟಿದ ಮೇಲೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಸಂಜೆ ಗಂಡನಿಗೆ ತೋರಿಸಿದಳು.

"ಅಲ್ಲಿ ಹೆಗ್ಗಣ ಜಾಸ್ತಿ. ಹಿಡ್ಕೊಂಡು ತಿಂತೈತೆ, ಬಿಡು," ಎಂದು ಮೃತ್ಯುಂಜಯ ಸ್ನಾನಕ್ಕೆ ಎದ್ದ. ಅವನ ಬುತ್ತಿ ಡಬ್ಬಿ ತೊಳೆಯಲೇ ಬೇಡವೆನ್ನುವಷ್ಟು ಚೊಕ್ಕವಾಗಿತ್ತು. ಈಚೆಗೆ ದಿನವೂ ಹಾಗೇ ಇರುತ್ತಿತ್ತು. ನಡೆದು ನಡೆದು ಹಸಿವು ಹೆಚ್ಚಿದೆಯೆಂದು ಅವಳು ಒಂದು ಅಕ್ಕಿ ರೊಟ್ಟಿ ಜಾಸ್ತಿ ಇಡುತ್ತಿದ್ದಳು.

ಚುಕ್ಕಿ ಆರು ದಿನ ಅಲ್ಲೇ ಕಂಡಿತು, ಬೆಳಿಗ್ಗೆ ಆರೂಕಾಲಿನಿಂದ ಸಂಜೆ ಐದರವರೆಗೆ. ಭಾನುವಾರ ಮಾತ್ರ ಬೆಕ್ಕು ಮನೆ ಬಿಟ್ಟು ಕದಲಲಿಲ್ಲ.

ಸೋಮವಾರ ಏಳನೇ ಬ್ಲಾಕಿನಲ್ಲಿ ಕೊಯ್ಲು. ಬೆಳಗಿನ ಮೆಸೇಜು ಎಂದಿನಂತೆ ಬಂದಿತ್ತು: ಹಿಂಡು ಮಗ್ಗೆ ಕಡೆ, ಸಲಗ ಹೊಳೆ ಆಚೆ. ಹತ್ತು ಗಂಟೆಗೆ ಟೀ ಕುಡಿಯಲು ಗಂಗಾಮಣಿ ಬ್ಲಾಕಿನ ಮೇಲಿನ ರಸ್ತೆಗೆ ಹತ್ತಿದಳು. ಆ ಬ್ಲಾಕಿನವರಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ವಾಣಿಯ ಫೋನ್ ಬಂತು.

"ಅಮ್ಮಾ, ನಿನ್ ಬೆಕ್ಕು ಎಲ್ಲೈತೆ ಇವತ್ತು?"

"ಎಲ್ಲಿರುತ್ತೆ, ಅದೇ ಹಳೇ ಲೈನು. ಹತ್ತಕ್ಕೆ ಐದು ನಿಮಿಷ ಅಂತ ತೋರಿಸ್ತೈತೆ."

"ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ವಲ್ಲೇ."

"ಯಾರೋ ಇದ್ದಾರಮ್ಮ. ಅದು ಆನೆ ಕಾಲರ್ ಥರ ಅಲ್ಲ. ಆ ಬಿಲ್ಲೆಗೆ ತಾನೆಲ್ಲಿದ್ದೀನಿ ಅಂತ ತನಗೇ ಗೊತ್ತಾಗಲ್ಲ. ಹತ್ರದಲ್ಲಿ ಯಾರದಾದ್ರೂ ಫೋನಿದ್ರೆ ಆ ಫೋನು ಜಾಗ ಕಳಿಸುತ್ತೆ. ಫೋನ್ ಇಟ್ಕೊಂಡೋರಿಗೂ ಅದು ಗೊತ್ತಾಗಲ್ಲ. ಫೋನೇ ಇಲ್ದಿರೋ ಕಡೆ ಚುಕ್ಕಿ ಬರಲ್ಲ ಕಣಮ್ಮ."

ಗಂಗಾಮಣಿಯ ಕೈಯ ಟೀ ತಣ್ಣಗಾಗತೊಡಗಿತು. ಆರು ದಿನ, ದಿನಕ್ಕೆ ಹನ್ನೊಂದು ಗಂಟೆ, ಖಾಲಿ ಮನೆಯಲ್ಲಿ ಯಾರೋ ಒಬ್ಬರು.

"ಭಾನುವಾರ ಇಲ್ಲ," ಎಂದಳು ಮೆಲ್ಲಗೆ.

"ಕಳ್ಳಂಗೂ ವಾರದ ರಜಾನಾ? ಅಮ್ಮಾ, ನೀನೊಬ್ಳೇ ಹೋಗ್ಬೇಡ. ಅಪ್ಪಂಗೆ ಫೋನ್ ಮಾಡು."

ಮಾಡಿದಳು. ಮೃತ್ಯುಂಜಯ ಎತ್ತಲಿಲ್ಲ. ಆನೆ ಹತ್ತಿರವಿದ್ದಾಗ ಎತ್ತುವುದಿಲ್ಲವೆಂದು ಅವನೇ ಹೇಳಿದ್ದ. ಮೆಣಸು ಕದಿಯುವವನೋ, ಹಂದಿಗೆ ಉರುಳು ಒಡ್ಡುವವನೋ ಇರಬೇಕು. ಉರುಳಾದರೆ ಬೆಕ್ಕು ಉಳಿಯುವುದಿಲ್ಲ. ಕೊಂಬೆ ಬಗ್ಗಿಸುವ ಕೊಕ್ಕೆ ಕೋಲು ಹಿಡಿದು, ಹೆಂಗಸರಿಗೆ ಸಾಲು ಮುಂದುವರಿಸಲು ಹೇಳಿ, ಅವಳು ಗುಡ್ಡ ಹತ್ತಿದಳು. ತೋಟದಲ್ಲಿ ಆನೆಯಿಲ್ಲವೆಂಬ ಧೈರ್ಯ ಇದ್ದೇ ಇತ್ತು.

ಹಳೇ ಲೈನಿನ ಮೂರನೇ ಮನೆಗೆ ಮಾತ್ರ ಬಾಗಿಲಿತ್ತು. ಅದು ಅರ್ಧ ತೆರೆದಿತ್ತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಒಬ್ಬ ಗಂಡಸು ಬೆನ್ನು ಹಾಕಿ ಬೋರಲು ಬುಟ್ಟಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ತೆರೆದ ಬುತ್ತಿ ಡಬ್ಬಿ. ಜೀರಿಗೆ ಅದರೊಳಗೆ ತಲೆ ಹಾಕಿ ರೊಟ್ಟಿ ತಿನ್ನುತ್ತಿತ್ತು.

ಡಬ್ಬಿ ಅವಳದೇ. ಅಂಗಿಯ ಹರಿದ ಭುಜಕ್ಕೆ ಹಾಕಿದ ಹೊಲಿಗೆಯೂ ಅವಳದೇ. ಆದರೂ ಅದು ತನ್ನ ಗಂಡನೆಂದು ತಲೆಗೆ ಹೋಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ತಲೆ ತಗ್ಗಿಸಿ ಫೋನಿನಲ್ಲಿ ಏನನ್ನೋ ಒತ್ತುತ್ತಿದ್ದ.

ಅವಳ ಸೊಂಟದ ಚೀಲದಲ್ಲಿ ಫೋನ್ ಟಿಣ್ ಎಂದಿತು.

ಮೃತ್ಯುಂಜಯ ತಿರುಗಿ ನೋಡಿದ. ಇಬ್ಬರ ನಡುವೆ ಹತ್ತಡಿ. ಅವಳು ಅವನ ಮುಖ ನೋಡಲಿಲ್ಲ, ಮೆಸೇಜು ನೋಡಿದಳು. ಹತ್ತು ಇಪ್ಪತ್ತೆರಡಕ್ಕೆ ಆರು ತೋಟದವರ ಮೆಸೇಜು ಗುಂಪಿಗೆ ಬಂದಿತ್ತು: "ಒಂಟಿ ಸಲಗ ಹೊಳೆ ಆಚೆಯೇ ಇದೆ. ಕಣ್ಣಾರೆ ನೋಡಿದ್ದೇನೆ."

ಮೊದಲು ಅದನ್ನು ಮನಸ್ಸಿನಲ್ಲಿ ಓದಿದಳು. ಆಮೇಲೆ ದಿನಾ ಬೆಳಿಗ್ಗೆ ಓದುವ ದನಿಯಲ್ಲೇ ಗಟ್ಟಿಯಾಗಿ ಓದಿದಳು.

"ಎಲ್ಲಿ ನೋಡಿದ್ರಿ?"

"ಗಂಗಾ..."

"ಹೊಳೆ ಇಲ್ಲಿಂದ ಮೂರು ಮೈಲಿ. ಎಲ್ಲಿ ನೋಡಿದ್ರಿ?"

ಅವನು ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟುಕೊಂಡ. "ದಸರಾ ಆದ್ಮೇಲಿನ ವಾರ. ಸಲಗ ಲಂಟಾನ ಮೆಳೇಲಿ ಮಲಗಿತ್ತು, ಕಾಣ್ಲಿಲ್ಲ. ನೀನೀಗ ನಿಂತಿದ್ದೀಯಲ್ಲ, ಅಷ್ಟೇ ದೂರ. ಓಡಿದೆ. ನೀರಿಂಗೋಕೆ ತೋಡಿರ್ತಾರಲ್ಲ, ತೊಟ್ಟಿಲು ಗುಂಡಿ, ಅದ್ರೊಳಗೆ ಬಿದ್ದೆ. ನನ್ನ ದಾಟ್ಕೊಂಡು ಹೋಯ್ತು. ಅದರ ಹೊಟ್ಟೆ ನೋಡಿದೆ ಕಣೇ ನಾನು, ಕೆಳಗಿಂದ."

"ಯಾರಿಗೂ ಹೇಳ್ಲಿಲ್ಲ."

"ಆನೆ ಕಾಯೋನು ಆನೆಗೆ ಹೆದರ್ದೆ ಅಂತ ಹೆಂಗೆ ಹೇಳಾದು? ಮಾರನೇ ದಿನ ಇಲ್ಲೀವರೆಗೂ ಬಂದೆ. ಮುಂದಕ್ಕೆ ಕಾಲು ಏಳ್ಲಿಲ್ಲ. ನಾಳೆ ಹೋಗಾನ ಅಂದ್ಕೊಂಡೆ. ದಿನಾ ಹಂಗೇ ಅಂದ್ಕೊಂಡೆ. ಇದೊಂದು ಹಿಂದೇನೇ ಬರ್ತಿತ್ತು."

"ಸಲಗದ್ದು ಹೆಂಗೆ ಬರೀತಿದ್ರಿ?"

"ಆಚೆ ತೋಟದವ್ರನ್ನ ಫೋನಲ್ಲಿ ಕೇಳ್ತಿದ್ದೆ. ಯಾರೂ ಕಂಡಿಲ್ಲ ಅಂದ್ರೆ ಹೊಳೆ ಆಚೆ ಅಂತ ಹಾಕ್ತಿದ್ದೆ."

ಎರಡು ತಿಂಗಳು. ಪ್ರತಿ ದಿನ ಅವಳ ಬಾಯಿಂದಲೇ ಓದಿಸಿದ್ದ. ಅದನ್ನು ನಂಬಿ ಅವಳು ಹತ್ತೊಂಬತ್ತು ಜನರನ್ನು, ಎರಡು ಹೆಜ್ಜೆಯಾಚೆ ಏನೂ ಕಾಣದ ಸಾಲುಗಳೊಳಗೆ ಕಳಿಸಿದ್ದಳು. ಈಗಲೂ ಅವರು ಏಳನೇ ಬ್ಲಾಕಿನಲ್ಲಿದ್ದರು.

ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಮೃತ್ಯುಂಜಯ ಎದ್ದು ನಿಂತ. "ಗಂಗಾ, ಬೇಡ. ಸಂಜೆ ನಾನೇ ಎಲ್ರಿಗೂ ಹೇಳ್ತೀನಿ. ಗುಂಪಲ್ಲಿ ಹಾಕ್ಬೇಡ. ಆರು ತೋಟದವ್ರೂ ಅದ್ರಲ್ಲಿದ್ದಾರೆ."

"ಸಂಜೆವರೆಗೂ ಹೆಂಗಸ್ರು ಒಳಗಿರ್ತಾರೆ," ಎಂದಳು. ರೆಕಾರ್ಡ್ ಗುಂಡಿ ಒತ್ತಿ ಮಾತಾಡಿದಳು: "ನಾನು ಗಂಗಾಮಣಿ. ಈಗ ಬಂದ ಮೆಸೇಜು ನೋಡಿ ಬರೆದಿದ್ದಲ್ಲ. ಎರಡು ತಿಂಗಳಿಂದ ಯಾವುದೂ ನೋಡಿ ಬರೆದಿದ್ದಲ್ಲ. ಸಲಗ ಎಲ್ಲೈತೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಾ ತೋಟದವ್ರೂ ಸಾಲಿಂದ ಹೊರಕ್ಕೆ ಬನ್ನಿ."

ಕೆಳಗೆ ಬ್ಲಾಕಿನೊಳಗೆ ಸಿಗ್ನಲ್ ಇಲ್ಲ, ಅವಳೇ ಹೋಗಿ ಕರೆಯಬೇಕು. ಓಡಿದಳು. ಸ್ವಲ್ಪ ದೂರದಲ್ಲಿ ಹಿಂದೆ ಗಂಡನ ಹೆಜ್ಜೆ ಕೇಳಿತು. ರಸ್ತೆಯವರೆಗೆ ಬಂದ, ಸಾಲಿನ ಅಂಚಿನಲ್ಲಿ ನಿಂತುಬಿಟ್ಟ.

ಗಂಗಾಮಣಿ ಒಳಗೆ ಹೋಗಿ ಒಬ್ಬೊಬ್ಬರ ತೋಳು ಮುಟ್ಟಿ, ಮಾತಾಡದೆ ರಸ್ತೆಗೆ ಕಳಿಸಿದಳು. ಎಣಿಸಿದಳು. ಹದಿನೆಂಟು. ಮತ್ತೆ ಎಣಿಸಿದಳು. ಹದಿನೆಂಟೇ.

ಬಸಮ್ಮ ಕಡೆಯ ಸಾಲಿನ ತುದಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಅವಳಿಂದಾಚೆ ನಲವತ್ತು ಹೆಜ್ಜೆ ದೂರದಲ್ಲಿ ಬೈನೆ ಮರವೊಂದು ಕಾಫಿ ಗಿಡಗಳ ಮೇಲೆ ಅಡ್ಡ ಬಿದ್ದಿತ್ತು. ಸೀಳಿದ ಕಾಂಡದಿಂದ ರಸ ಇನ್ನೂ ತೊಟ್ಟಿಕ್ಕುತ್ತಿತ್ತು. ಬೈನೆಯ ತಿರುಳಿಗೆ ಆಸೆಪಟ್ಟು ಹಾಗೆ ಸೀಳುವುದು ಯಾವ ಪ್ರಾಣಿಯೆಂದು ಈ ಗುಡ್ಡಗಳಲ್ಲಿ ಯಾರೂ ಕೇಳಬೇಕಿಲ್ಲ. ಗಾಳಿಯಿಲ್ಲದ ಹೊತ್ತಿನಲ್ಲಿ ಅದರಾಚೆಯ ಮೆಳೆ ಅಲ್ಲಾಡಿತು.

ಗಂಗಾಮಣಿ ಬಸಮ್ಮನ ಬಾಯಿಯ ಮೇಲೆ ಕೈಯಿಟ್ಟು, ಎಬ್ಬಿಸಿ, ನಡೆಸಿಕೊಂಡು ಬಂದಳು. ರಸ್ತೆಗೆ ಬಂದ ಮೇಲೆ ಬಸಮ್ಮ ಕೂತುಬಿಟ್ಟಳು.

"ಶಬ್ದ ಕೇಳ್ಲಿಲ್ವಾ ಬಸಮ್ಮಕ್ಕ?"

"ಕೇಳ್ತು ಕಣವ್ವ. ಯಾರೋ ಮರ ಕಡೀತಾವ್ರೆ ಅಂದ್ಕೊಂಡೆ. ಸಲಗ ಹೊಳೆ ಆಚೆ ಅಂತ ನೀನೇ ಓದಿದ್ಯಲ್ಲ."

ಮೃತ್ಯುಂಜಯ ನಾಲ್ಕು ಮಾರು ದೂರದಲ್ಲಿ ನಿಂತು ಇದನ್ನು ಕೇಳಿಸಿಕೊಂಡ.

ಮಾರನೇ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಹತ್ತೊಂಬತ್ತು ಹೆಂಗಸರೂ ಸ್ಟೋರ್ ಮುಂದೆ ಬಂದಿದ್ದರು. ಗಂಗಾಮಣಿಯ ಕೈಯಲ್ಲಿ ಫೋನ್ ಇರಲಿಲ್ಲ. ಮೃತ್ಯುಂಜಯ ಅವಳ ಪಕ್ಕ ನಿಂತಿದ್ದ. ಅವನ ಮುಖವನ್ನು ಯಾರೂ ನೋಡಲಿಲ್ಲ.

"ನಂಗೆ ಹೆದ್ರಿಕೆ ಆಗೋಗಿತ್ತು," ಎಂದ. "ಸುಳ್ಳು ಬರೆದೆ. ನಿಮ್ಮಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ..."

ಬಸಮ್ಮ ಸೊಂಟದ ಚೀಲ ಬಿಚ್ಚತೊಡಗಿದಳು. "ಹೆದ್ರಿಕೆ ಆಗೈತೆ ಅಂತಾನೇ ಬರೆದು ಹಾಕ್ಬಾರ್ದಿತ್ತಾ ಮಾರಾಯ? ನಾವು ಅವತ್ತು ಮನೇಲಿರ್ತಿದ್ವಿ."

ಅವತ್ತು ಕೆಲಸ ನಡೆಯಲಿಲ್ಲ. ವಾರದೊಳಗೆ ಆರು ತೋಟದವರು ಯೋಗೇಶ್ ಎಂಬವನನ್ನು ಕಾವಲಿಗೆ ಇಟ್ಟುಕೊಂಡರು. ಅವನ ಜೊತೆ ಸದಾ ಇನ್ನೊಬ್ಬನಿರಬೇಕೆಂದು ಗಂಗಾಮಣಿ ಹಟ ಹಿಡಿದಳು. ಮೃತ್ಯುಂಜಯ ಸ್ಟೋರ್ ಎದುರಿನ ಕಣದಲ್ಲಿ ಕಾಫಿ ಹರವುವ ಕೆಲಸಕ್ಕೆ ನಿಂತ. ಹೆಂಗಸರು ಕೆಲವು ದಿನ ಅವನ ಮುಂದೆ ಮೌನವಾಗಿ ಹಾದು ಹೋದರು. ಗಂಗಾಮಣಿಯೂ ಮನೆಯಲ್ಲಿ ಬೇಕಾದಷ್ಟೇ ಮಾತಾಡಿದಳು. ಡಬ್ಬಿಗೆ ರೊಟ್ಟಿ ಹಾಕುವಾಗ ಜಾಸ್ತಿಯ ಒಂದನ್ನು ತೆಗೆದಿಟ್ಟಳು, ಮತ್ತೆ ಹಾಕಿದಳು.

ಜೀರಿಗೆಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಮೃತ್ಯುಂಜಯ ಕಣದ ಕೆಲಸಕ್ಕೆ ನಿಂತ ದಿನವೂ ಅದು ಬೆಳಕು ಹರಿಯುವ ಮುಂಚೆ ಹೋಯಿತು. ಗಂಗಾಮಣಿ ಫೋನ್ ನೋಡಿದಳು. ಚುಕ್ಕಿ ಬೂದು ಬಣ್ಣಕ್ಕೆ ತಿರುಗಿ ರಾತ್ರಿಯ ಹೊತ್ತನ್ನೇ ತೋರಿಸುತ್ತ ಮನೆಯ ಮೇಲೇ ನಿಂತಿತ್ತು. ಗುಡ್ಡದ ಮೇಲೆ ಈಗ ಫೋನ್ ಹಿಡಿದ ಯಾರೂ ಇರಲಿಲ್ಲ. ಬೆಕ್ಕು ಅಲ್ಲೇ ಇದೆ ಎಂಬುದು ಅವಳಿಗೆ ಗೊತ್ತಿತ್ತು.

ಸಂಜೆ ಐದೂವರೆಗೆ ಅದು ಬಂತು. ತಣ್ಣನೆಯ ಹಾಲು ನೆಕ್ಕಿತು, ಅನ್ನ ತಿಂದಿತು, ಆಮೇಲೆ ಮೃತ್ಯುಂಜಯನ ಡಬ್ಬಿ ಇಟ್ಟ ಮೂಲೆಗೆ ಹೋಗಿ ಅದರ ಮುಚ್ಚಳ ಮೂಸುತ್ತ ಕೂತಿತು. ಗಂಗಾಮಣಿ ಅದರ ಕೊರಳಿನ ಪಟ್ಟಿ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟಳು.